ಪಿಂಡವೆಂದರೆ ಅನ್ನವೋ, ದೇಹವೋ?



ಕಾನೂನಿಗೂ ಧರ್ಮಚಿಂತನೆಗೂ ಏನು ನಂಟು ಎಂದರೆ, ಒಂದು ಇಹದ್ದು, ಇನ್ನೊಂದು ಪರದ್ದು ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಹಿರಿಯರ ಮಾತಿಗೆ ಅರ್ಥ ಹೇಳುವ ಕೆಲಸ ಎರಡಕ್ಕೂ ಸೇರಿದ್ದು. ಒಂದು ಪದದ ಅರ್ಥ ಬದಲಾದರೆ ಮನೆ, ಹೊಲಗಳೇ ಕೈ ಬದಲಾಗುತ್ತವೆ. ‘ಸಪಿಂಡ’ ಎಂಬ ಪದವನ್ನೇ ನೋಡಿ.

ಸತ್ತವನ ಆಸ್ತಿ ಹತ್ತಿರದ ಸಪಿಂಡನಿಗೆ ಎಂಬುದು ಸ್ಮೃತಿಯ ಮಾತು. ಸಪಿಂಡ ಯಾರು? ‘ದಾಯಭಾಗ’ ಬರೆದ ಬಂಗಾಳದ ಜೀಮೂತವಾಹನನ ಪ್ರಕಾರ ಪಿಂಡವೆಂದರೆ ಶ್ರಾದ್ಧದಲ್ಲಿಡುವ ಅನ್ನದ ಉಂಡೆ. ಸತ್ತವನಿಗೆ ಯಾರಿಂದ ಪಾರಲೌಕಿಕ ಉಪಕಾರ ಹೆಚ್ಚೋ ಆಸ್ತಿ ಅವರದು. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನಿಗೆ ಪಿಂಡವೆಂದರೆ ದೇಹ. ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು. ಅಂದರೆ ವಾರಸುದಾರಿಕೆಗೆ ಆಧಾರ ರಕ್ತಸಂಬಂಧ, ಶ್ರಾದ್ಧವಲ್ಲ.

ವಿಜ್ಞಾನೇಶ್ವರ ಧರ್ಮವನ್ನು ತಳ್ಳಿಹಾಕಿದವನಲ್ಲ. ಯಜ್ಞವಾಕ್ಯಗಳಿಗೆ ಅರ್ಥ ಹೇಳಲು ಬೆಳೆದ ಮೀಮಾಂಸೆಯೇ ಅವನ ವಾದಕ್ಕೂ ಆಸರೆ. ಆ ಬಲದಿಂದಲೇ ಅವನು ಗೆರೆ ಎಳೆದ. ಆಹವನೀಯ ಅಗ್ನಿ ಯಾವುದೆಂದು ಶಾಸ್ತ್ರವೇ ತಿಳಿಸಬೇಕು, ಒಡೆತನ ಹಾಗಲ್ಲ. ಶಾಸ್ತ್ರ ಅರಿಯದ ಗಡಿನಾಡಿನವರೂ ಕೊಳ್ಳುತ್ತಾರೆ, ಮಾರುತ್ತಾರೆ. ಆದ್ದರಿಂದ ಒಡೆತನ ಲೌಕಿಕ ಎಂದ.

ಹಾಗೆಂದು ಲೌಕಿಕ ನ್ಯಾಯ ಉದಾರ, ಧರ್ಮಚಿಂತನೆ ಸಂಕುಚಿತ ಎಂದು ತೀರ್ಮಾನಿಸಬಾರದು. ಗಂಡುಮಕ್ಕಳಿಲ್ಲದ ವಿಧವೆಗೆ ಅವಿಭಕ್ತ ಕುಟುಂಬದಲ್ಲೂ ಗಂಡನ ಪಾಲು ಕೊಟ್ಟವನು ಜೀಮೂತವಾಹನ. ಮಿತಾಕ್ಷರಾ ಪದ್ಧತಿಯಲ್ಲಿ ಗಂಡ ಪಾಲಾಗಿ ಬೇರೆಯಾಗಿದ್ದರೆ ಮಾತ್ರ ಅವಳಿಗೆ ಆಸ್ತಿ, ಇಲ್ಲದಿದ್ದರೆ ಜೀವನಾಂಶವಷ್ಟೆ. ತಂದೆಯ ದೇಹದ ಅಂಶ ಮಗಳಲ್ಲೂ ಇದೆಯಲ್ಲ? ಆದರೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. ಅದು ಮದುವೆಯಾಗದ ಹೆಣ್ಣುಮಕ್ಕಳಿಗೂ ಸಿಕ್ಕಿದ್ದು ಕರ್ನಾಟಕದಲ್ಲಿ 1994ರಲ್ಲಿ. ದೇಶದಾದ್ಯಂತ, ಮದುವೆಯಾದವರನ್ನೂ ಸೇರಿಸಿ, 2005ರಲ್ಲಿ. ಅರ್ಥ ಹೇಳುವವರು ನಿಲ್ಲಿಸಿದ್ದಲ್ಲಿಂದ ಶಾಸನ ಮಾಡುವವರು ಮುಂದುವರಿದರು.

ಇಷ್ಟಾದರೂ ‘ಅರಿಶಿನ ಕುಂಕುಮಕ್ಕೆ’ ಎಂದು ಒಂದಿಷ್ಟು ಕೊಟ್ಟು, ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳಿವೆ. ‘ತವರಿನ ಋಣ’, ‘ಸಂಪ್ರದಾಯ’ ಎಂಬ ಮಾತುಗಳು ಅಲ್ಲಿ ಕೇಳಿಬರುತ್ತವೆ. ಹೊಲದ ಲೆಕ್ಕಕ್ಕೆ ಪುಣ್ಯದ ಮಾತು ಯಾಕೆ ಬಂತು ಎಂದು ಆಗ ಕೇಳಬೇಕು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ಪಂಡಿತನೊಬ್ಬ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.