ಗಾಳ, ಬಲೆ ಮತ್ತು ಕಾಯಿದೆ



ಕೋಲಾರದ ಚಿನ್ನದ ಗಣಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸುರಂಗ, ಯಂತ್ರ, ಬಂಗಾರದ ಗಟ್ಟಿ, ಮೀನಲ್ಲ. ಬಂಗಾರಪೇಟೆಯೆಂದರೆ ಗಣಿಯ ಕಡೆಗೆ ಗಾಡಿ ಬದಲಾಯಿಸುವ ರೈಲು ನಿಲ್ದಾಣ. ಇಂತಹ ಒಣ ಸೀಮೆಯನ್ನು ಮುಂದಿಟ್ಟುಕೊಂಡು ಮೀನು ಹಿಡಿಯುವ ಕಾಯಿದೆಯ ವಿಚಾರವನ್ನು ಹೇಳಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಆ ಕಾಯಿದೆಯ ಹುರುಳನ್ನು ತಿಳಿಯುವುದಕ್ಕೆ ಇದಕ್ಕಿಂತ ತಕ್ಕ ಸ್ಥಳವಿಲ್ಲವೆಂದು ನಮ್ಮ ಭಾವನೆ. ಏತಕ್ಕೆಂಬುದನ್ನು ಕ್ರಮವಾಗಿ ಅರಿಕೆಮಾಡುತ್ತೇವೆ.

ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಪಾಲಾರ್ ನದಿಯೂ ಮಳೆಯನ್ನು ನಂಬಿದ್ದು. ಅದರ ನೀರನ್ನು ತಡೆದು ನಿಲ್ಲಿಸಿದ ಬೇತಮಂಗಲದ ಕೆರೆಯೇ ಗಣಿಯ ಊರಿಗೆ ಕುಡಿಯುವ ನೀರನ್ನು ಕೊಟ್ಟಿತು. ಇಂತಹ ಕೆರೆಗಳೇ ಇಲ್ಲಿಯ ಮೀನಿಗೂ ಮನೆ. ಗಾಳಕ್ಕೆ ಸಿಕ್ಕಿದ ಮೇಲೆ ಸುಲಭವಾಗಿ ಸೋಲದೆ ಹೋರಾಡುವ ಮೀನಿಗೆ ಬೇಟೆಯ ಮೀನು ಎಂದು ಹೆಸರು. ಕಾವೇರಿಯಲ್ಲಿ ಅದು ಬಿಳಿಮೀನು, ಇಂಗ್ಲಿಷರ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು ತೂಗಿತು. ನಮ್ಮ ಕೆರೆಗಳಲ್ಲಿ ಅಂತಹ ಗಜಗಾತ್ರದ ಮೀನಿಲ್ಲ. ಇಲ್ಲಿಯ ವೀರನೆಂದರೆ ಕೊರಮೀನು. ದೊರೆಗಳು ಅದನ್ನು ಮುರಲ್ ಎಂದರು. ಅದು ಗಾಳಿಯನ್ನೂ ಉಸಿರಾಡಬಲ್ಲುದು. ಆದುದರಿಂದಲೇ ಬೇಸಗೆಯಲ್ಲಿ ಕೆರೆ ಕುಗ್ಗಿ ಕೆಸರು ಮಡುವಾದಾಗಲೂ ಬದುಕಿ ಉಳಿಯುತ್ತದೆ.

ಇನ್ನು ಕಾಯಿದೆಯ ಕಥೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಗಾಳದ ಬೇಟೆಯಲ್ಲಿ ನಿಪುಣರು. ಅವರ ‘ದಿ ರಾಡ್ ಇನ್ ಇಂಡಿಯ’ ಎಂಬ ಗ್ರಂಥ 1873ರಲ್ಲಿ ಹೊರಬಂದಿತು. ಅದೇ ವರ್ಷ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸರು ಇಂಡಿಯಾ ಮತ್ತು ಬರ್ಮಾ ದೇಶಗಳ ಸಿಹಿನೀರಿನ ಮೀನುಗಳನ್ನು ಕುರಿತು ಸರ್ಕಾರಕ್ಕೆ ವರದಿಯನ್ನೊಪ್ಪಿಸಿದರು. ಸಣ್ಣ ಕಣ್ಣಿನ ಬಲೆಯಿಂದ ಮರಿಗಳು ಹಾಳಾಗುತ್ತಿವೆಯೆಂದು ಇಬ್ಬರೂ ಎಚ್ಚರಿಸಿದರು. ಆದರೂ ಇಂಡಿಯಾದ ಮೀನುಗಾರಿಕೆ ಕಾಯಿದೆ ಹುಟ್ಟಿದ್ದು 1897ರಲ್ಲಿ. ಎಚ್ಚರಿಕೆಗೂ ಶಾಸನಕ್ಕೂ ನಡುವೆ 24 ವರ್ಷ ಕಳೆದುವು. ಮೈಸೂರು ದೇಶೀಯ ಸಂಸ್ಥಾನವಾದುದರಿಂದ ಬ್ರಿಟಿಷ್ ಇಂಡಿಯಾದ ಆ ಕಾಯಿದೆ ಇಲ್ಲಿ ತಾನಾಗಿ ನಡೆಯುವಂತಿರಲಿಲ್ಲ. ಇಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡುವುದಕ್ಕಾಗಿ ಪ್ರತ್ಯೇಕವಾಗಿ ಒಂದು ರೆಗ್ಯುಲೇಷನ್ ಆಯಿತು. ಕಾಡಿನ ಜಿಂಕೆಯನ್ನೂ ನೀರಿನ ಮೀನನ್ನೂ ಒಂದೇ ಶಾಸನದಲ್ಲಿ ಸೇರಿಸಿದ್ದು ಗಮನಿಸತಕ್ಕ ವಿಷಯ.

1897ರ ಕಾಯಿದೆಯಲ್ಲಿ ಮುಖ್ಯವಾದ ಮಾತುಗಳು ಕೆಲವೇ. ಮೀನನ್ನು ಹಿಡಿಯುವ ಅಥವಾ ಕೊಲ್ಲುವ ಉದ್ದೇಶದಿಂದ ನೀರಿನಲ್ಲಿ ಡೈನಮೈಟನ್ನಾಗಲಿ ಬೇರೆ ಸಿಡಿಮದ್ದನ್ನಾಗಲಿ ಉಪಯೋಗಿಸಕೂಡದು. ವಿಷವನ್ನಾಗಲಿ ಸುಣ್ಣವನ್ನಾಗಲಿ ಹಾನಿಕರವಾದ ಮತ್ತಾವುದನ್ನಾಗಲಿ ಹಾಕಕೂಡದು. ತಪ್ಪಿದರೆ ಎರಡು ತಿಂಗಳವರೆಗೆ ಸೆರೆ, ಇಲ್ಲವೆ 200 ರೂಪಾಯಿವರೆಗೆ ಜುಲ್ಮಾನೆ. ಇದಲ್ಲದೆ, ಗೊತ್ತುಮಾಡಿದ ನೀರುಗಳಲ್ಲಿ ಅಡ್ಡಗಟ್ಟೆಗಳನ್ನು ತಡೆಯುವುದಕ್ಕೂ, ಬಲೆಯ ಬಗೆಯನ್ನೂ ಅಳತೆಯನ್ನೂ ವಿಧಿಸುವುದಕ್ಕೂ, ಬೇಕಾದರೆ ಎರಡು ವರ್ಷಕ್ಕೆ ಮೀರದಂತೆ ಮೀನು ಹಿಡಿಯುವುದನ್ನೇ ನಿಲ್ಲಿಸುವುದಕ್ಕೂ ಸರ್ಕಾರಕ್ಕೆ ಅಧಿಕಾರವುಂಟು.

ಮೊದಲಿನ ಎರಡು ನಿಷೇಧಗಳನ್ನು ಮತ್ತೊಮ್ಮೆ ನೋಡಿ: ಸಿಡಿಮದ್ದು, ವಿಷ. ಚಿನ್ನದ ಗಣಿಯ ಕೆಲಸ ನಡೆದದ್ದೇ ಈ ಎರಡರಿಂದ. ಬಂಡೆಯನ್ನು ಒಡೆಯುವುದಕ್ಕೆ ಸಿಡಿಮದ್ದು. ಪುಡಿಮಾಡಿದ ಕಲ್ಲಿನಿಂದ ಚಿನ್ನವನ್ನು ಕರಗಿಸಿ ತೆಗೆಯುವುದಕ್ಕೆ ಸಯನೈಡು. ಆ ಸಯನೈಡು ಮಣ್ಣಿನ ದಿಬ್ಬಗಳು ಗಣಿಯ ಊರಿನ ಸುತ್ತ ಇಂದಿಗೂ ನಿಂತಿವೆ. ಭೂಮಿಯ ಒಳಗೆ ಜಾಣತನವೆನಿಸಿದ್ದು ಕೆರೆಯ ಒಳಗೆ ಅಪರಾಧವೇಕೆ?

ಚಿನ್ನ ಮರಿ ಹಾಕುವುದಿಲ್ಲ. ಎಷ್ಟು ನಾಜೂಕಾಗಿ ತೆಗೆದರೂ, ಎಷ್ಟು ಒರಟಾಗಿ ತೆಗೆದರೂ, ತೆಗೆದಷ್ಟು ತೀರಿತು. 1880ರ ಸುಮಾರಿನಿಂದ ನೂರಿಪ್ಪತ್ತು ವರ್ಷ ಅಗೆದು, ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು, 2001ರ ಫೆಬ್ರುವರಿಯಲ್ಲಿ ಗಣಿಗಳನ್ನು ಮುಚ್ಚಬೇಕಾಯಿತು. ಮೀನಿನ ಧರ್ಮ ಬೇರೆ. ತಕ್ಕಷ್ಟನ್ನು ಉಳಿಸಿದರೆ ಅದು ತಾನೇ ತುಂಬಿಕೊಳ್ಳುತ್ತದೆ. ಗಾಳವು ಒಂದು ಮೀನನ್ನು ಹಿಡಿಯುತ್ತದೆ. ಕಣ್ಣಗಲವಿರುವ ಬಲೆಯು ಮರಿಯನ್ನು ಬಿಡುತ್ತದೆ. ಸಿಡಿಮದ್ದು ಯಾವುದನ್ನೂ ಆರಿಸುವುದಿಲ್ಲ. ನೀರಿನ ಅದಿರಿಗೆ ಮೀನಿನ ಒಡಲಿನ ಗಾಳಿಚೀಲ ಒಡೆದು, ದೊಡ್ಡದೂ ಚಿಕ್ಕದೂ ಒಟ್ಟಿಗೆ ಸಾಯುತ್ತವೆ. ಅವುಗಳಲ್ಲಿ ಎಷ್ಟೋ ತೇಲದೆ ತಳಕ್ಕೆ ಮುಳುಗಿ, ಹಾಕಿದವನಿಗೂ ದಕ್ಕದೆ ಕೊಳೆಯುತ್ತವೆ. ಸುಣ್ಣ, ಕಾರೆಕಾಯಿ ಮೊದಲಾದುವುಗಳ ಫಲವೂ ಇದೇ. ಗಣಿಯ ರೀತಿಯಲ್ಲಿ ಕೆರೆಯನ್ನು ಅಗೆಯಬೇಡವೆಂಬುದೇ ಕಾಯಿದೆಯ ಸಾರಾಂಶ.

ಇಲ್ಲಿ ಒಂದು ಆಕ್ಷೇಪಣೆ ಏಳುವುದುಂಟು. ಬೇಟೆಯ ಮೀನಿನ ಕಾಯಿದೆಗಳು ದೊರೆಗಳ ವಿನೋದಕ್ಕಾಗಿ ಹುಟ್ಟಿದುವು. ಬಿದಿರುಗಾಳದ ಬಡವನಿಗೆ ಅವುಗಳಿಂದ ತೊಂದರೆಯೇ ಹೊರತು ಲಾಭವಿಲ್ಲ ಎಂಬುದು ಅದು. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಪರವಾನಗಿಯ ಕಾಗದವನ್ನು ಓದುಬಲ್ಲವರು ಬೇಗ ಪಡೆಯುತ್ತಾರೆ. ಬಾರದವನು ಬೇಗ ಸಿಕ್ಕಿಬೀಳುತ್ತಾನೆ. ಆದರೆ ಕೆರೆಯಲ್ಲಿ ಸಿಡಿಮದ್ದು ಬಿದ್ದ ಮರುದಿನ ಯಾರ ಮನೆಯ ಒಲೆ ತಣ್ಣಗಿರುತ್ತದೆ? ವಿನೋದಕ್ಕೆ ಬಂದವನು ಬೇರೆ ಕೆರೆಗೆ ಹೋದಾನು. ಬೆಸ್ತರವನಿಗೆ ಇರುವುದು ಅದೊಂದೇ ಕೆರೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಬಂಗಾರಪೇಟೆಗೆ ಸಮೀಪದ ಕೆರೆಯೊಂದರ ಏರಿಯ ಮೇಲೆ ನಾವು ನಿಂತಿದ್ದೆವು. ಒಬ್ಬ ಮುದುಕ ಗಾಳ ಹಾಕಿ ಕುಳಿತಿದ್ದ. ಜೊಂಡಿನ ಪಕ್ಕದಲ್ಲಿ ಕುಂಕುಮ ಚೆಲ್ಲಿದಂತೆ ಏನೋ ಕೆಂಪಗೆ ಅಲುಗಿತು. ಕೊರಮೀನಿನ ಮರಿಗಳ ಹಿಂಡು. ತಂದೆತಾಯಿಗಳು ಅದರ ಕೆಳಗೇ ಕಾವಲಿರುತ್ತವೆ. ಉಸಿರಿಗೆ ಮೇಲೆ ಬಂದಾಗ ಅವುಗಳನ್ನು ಹಿಡಿಯುವುದು ಸುಲಭ. ಮುದುಕ ಮಾತ್ರ ಗಾಳವನ್ನು ಎಳೆದು ಸುತ್ತಿಕೊಂಡ. ಏತಕ್ಕೆಂದು ಕೇಳಿದೆವು. “ತಾಯ್ನ ಹಿಡ್ದ್ರೆ ಮಕ್ಕಳನ್ನ ಯಾರು ಕಾಯ್ತಾರೆ, ಸ್ವಾಮಿ?” ಎಂದು ಹೇಳಿ ಬುಟ್ಟಿಯನ್ನೆತ್ತಿಕೊಂಡು ಏರಿಯ ಆ ತುದಿಗೆ ನಡೆದ. ಬುಟ್ಟಿ ಬರಿದಾಗಿಯೇ ಇತ್ತು. ಮೀನು ಮರಿಮಾಡುವ ಕಾಲದಲ್ಲಿ ಅದಕ್ಕೆ ಬಿಡುವು ಕೊಡಬೇಕೆಂಬ ವಿಧಿಗಳ ಅರ್ಥವನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಆ ದಿನ ಕಣ್ಣಾರೆ ಕಂಡೆವು.

ಕಾವೇರಿಯ ಕಡೆಗೆ ತಿರುಗಿದರೆ ಇದರ ಅವಸರ ತಿಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದು ಗಣಿಯ ಯಂತ್ರಗಳನ್ನು ನಡೆಸಿತಷ್ಟೆ. ಅದೇ ಹೊಳೆಯ ಡುಬ್ಬದ ಬಿಳಿಮೀನಿಗೆ ಟಾರ್ ರೆಮದೇವಿ ಎಂಬ ಶಾಸ್ತ್ರೀಯ ನಾಮ ಸಲ್ಲತಕ್ಕದ್ದೆಂದು ವಿದ್ವಾಂಸರು ನಿರ್ಧರಿಸಿದ್ದು 2018ರಲ್ಲಿ. ಆ ವರ್ಷವೇ ಅದು ಅಳಿವಿನ ಅಂಚಿಗೆ ತೀರ ಸಮೀಪವಾಗಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಹೆಸರು ಗೊತ್ತಾಗುವ ಹೊತ್ತಿಗೆ ಹೆಸರಿನವನೇ ವಿರಳನಾಗಿದ್ದನು.

ಈಗ ನಮ್ಮ ನಾಡಿನ ಕೆರೆಹೊಳೆಗಳಿಗೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮವಿದೆ. ಪೇಟೆಯಿಂದ ರಜದ ದಿನ ಗಾಳ ಹಿಡಿದು ಹೊರಡುವವರು ಕೆರೆಯ ಮೀನಿನ ಹಕ್ಕು ಯಾರ ಗುತ್ತಿಗೆಯಲ್ಲಿದೆ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಮೀನುಗಾರಿಕೆ ಇಲಾಖೆಯ ಅಪ್ಪಣೆಯನ್ನು ಪಡೆಯತಕ್ಕದ್ದು. ಮರಿಗಳೊಡನಿರುವ ಮೀನನ್ನು ಬಿಟ್ಟುಬಿಡತಕ್ಕದ್ದು. ಕೆರೆಯಲ್ಲಿ ಸಿಡಿಮದ್ದಿನ ಸದ್ದನ್ನು ಕೇಳಿದರೆ, ನಮಗೇಕೆಂದು ಸುಮ್ಮನಿರದೆ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಕಾಯಿದೆಯ ಕಾವಲುಗಾರರು ಪ್ರತಿಯೊಂದು ಏರಿಯ ಮೇಲೂ ನಿಲ್ಲಲಾರರು. ಆ ಮುದುಕನ ಸಂಜೆಯಲ್ಲಿಯೂ ಅಲ್ಲಿ ಯಾವ ಕಾವಲುಗಾರನೂ ಇರಲಿಲ್ಲ.