ಕಾಯಬಲ್ಲ ಮನಸ್ಸು



ಪ್ರೇಯಸ್ಸು ಮತ್ತು ಶ್ರೇಯಸ್ಸುಗಳ ಭೇದವನ್ನು ಯಮಧರ್ಮನು ನಚಿಕೇತನಿಗೆ ತಿಳಿಸಿದ ಕಠೋಪನಿಷತ್ತಿನ ಪ್ರಸಂಗವು ಈ ಸಭೆಗೆ ಹೊಸದಲ್ಲ. ಅದಕ್ಕೆ ಹತ್ತಿರವಾದ ಒಂದು ಪ್ರಶ್ನೆಯನ್ನು ಆಧುನಿಕ ಮನಶ್ಶಾಸ್ತ್ರವು ನಾಲ್ಕು ವರ್ಷದ ಮಕ್ಕಳ ಮುಂದೆ ಮಿಠಾಯಿಯನ್ನಿಟ್ಟು ಪರೀಕ್ಷಿಸಿತು.

ಪರೀಕ್ಷಿಸಿದವರು ವಾಲ್ಟರ್ ಮಿಶೆಲ್. 1930ರಲ್ಲಿ ವಿಯೆನ್ನಾ ನಗರದಲ್ಲಿ ಜನಿಸಿದ ಅವರು, 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದಾಗ ಕುಟುಂಬದೊಡನೆ ಮನೆಮಾರು ತೊರೆದು ಅಮೆರಿಕೆಯನ್ನು ಸೇರಿದವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ 1960ರ ದಶಕದ ಕೊನೆಯಿಂದ ನಡೆದ ಆ ಪ್ರಯೋಗ ಬಹು ಸರಳ. ಮೇಜಿನ ಮೇಲೆ ಮಿಠಾಯಿ, ಪಕ್ಕದಲ್ಲಿ ಒಂದು ಗಂಟೆ. ಗಂಟೆ ಬಾರಿಸಿದರೆ ಒಂದು ಮಿಠಾಯಿ ತಕ್ಷಣ ದೊರೆಯುವುದು. ಹೊರಗೆ ಹೋದವರು ತಾವಾಗಿ ಮರಳುವವರೆಗೆ, ಅಂದರೆ ಸುಮಾರು 15 ನಿಮಿಷ ಕಾದರೆ, ಎರಡು.

ಕಾದು ಗೆದ್ದ ಮಕ್ಕಳು ಹಲ್ಲು ಕಚ್ಚಿ ಕುಳಿತವರಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ಅವರು ಕಣ್ಣು ಮುಚ್ಚಿಕೊಂಡರು, ಬೆನ್ನು ತಿರುಗಿಸಿದರು, ತಮಗೆ ತಾವೇ ಹಾಡಿಕೊಂಡರು, ಕೆಲವರು ನಿದ್ದೆಗೂ ಪ್ರಯತ್ನಿಸಿದರು! ಮಿಠಾಯಿಯನ್ನು ಮುಚ್ಚಿಟ್ಟಾಗ ಕಾಯುವಿಕೆ ಸುಲಭವಾಯಿತು. ಅದನ್ನು ಬಿಳಿ ಮೋಡವೆಂದು ಭಾವಿಸಿಕೊಳ್ಳಲು ಹೇಳಿದಾಗಲೂ ಹಾಗೆಯೇ. ಅಡಿಗೆಮನೆಯಲ್ಲಿ ಉಂಡೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಸೇರಿಸುವ ಅಜ್ಜಿಯರಿಗೆ ಈ ತತ್ತ್ವ ಮೊದಲೇ ಗೊತ್ತಿತ್ತೆನ್ನಬೇಕು.

ಮುಂದೆ ಆ ಮಕ್ಕಳು ಬೆಳೆದಾಗ, ಹೆಚ್ಚು ಕಾದವರು ವಿದ್ಯೆಯಲ್ಲಿಯೂ ಮುಂದಿದ್ದಂತೆ ಕಂಡಿತು. ನಾಲ್ಕನೆಯ ವಯಸ್ಸಿನಲ್ಲಿಯೇ ವ್ಯಕ್ತಿತ್ವ ನಿರ್ಧಾರವಾಗಿಬಿಡುತ್ತದೆಂಬ ಆತುರದ ತೀರ್ಮಾನವೂ ಹಬ್ಬಿತು. ತಾಳ್ಮೆಯ ಕುರಿತಾದ ತೀರ್ಮಾನಕ್ಕೇ ಜನ ತಾಳ್ಮೆ ತೋರಲಿಲ್ಲ! 2018ರಲ್ಲಿ ಪ್ರಕಟವಾದ, 900ಕ್ಕೂ ಹೆಚ್ಚು ಮಕ್ಕಳನ್ನೊಳಗೊಂಡ ಅಧ್ಯಯನದಲ್ಲಿ ಈ ಸಂಬಂಧ ಬಹಳ ದುರ್ಬಲವಾಗಿತ್ತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಇನ್ನೂ ಕುಗ್ಗಿತು. ಮನುಷ್ಯನ ನಡತೆ ಸನ್ನಿವೇಶಕ್ಕೆ ತಕ್ಕಂತೆ ಬದಲಾಗುತ್ತದೆಂದು ಸ್ವತಃ ಮಿಶೆಲ್ ಅವರೇ 1968ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರೆಂಬುದನ್ನು ಹಲವರು ಮರೆತಿದ್ದರು.

ಗೃಹಸ್ಥರು ಹೆಚ್ಚು ಗಮನಿಸಬೇಕಾದುದು ರಾಚೆಸ್ಟರ್ ವಿಶ್ವವಿದ್ಯಾಲಯದಿಂದ 2013ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗವನ್ನು. ಅದರಲ್ಲಿದ್ದವರು 28 ಮಕ್ಕಳು ಮಾತ್ರ. ಚಿತ್ರ ಬರೆಯಲು ಒಳ್ಳೆಯ ಬಣ್ಣಗಳನ್ನು ತಂದುಕೊಡುವುದಾಗಿ ಹಿರಿಯರೊಬ್ಬರು ಮಾತು ಕೊಟ್ಟರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು. ಉಳಿದವರ ಬಳಿ ಬರಿಗೈಯಲ್ಲಿ ಬಂದು, ಇಲ್ಲವೆಂದರು. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಕಾದದ್ದು ಕೇವಲ 3 ನಿಮಿಷ. ಎರಡನೆಯ ಗುಂಪಿನ ಮಕ್ಕಳನ್ನು ಚಪಲರೆನ್ನುವುದು ನ್ಯಾಯವೇ? ಅವರು ಲೆಕ್ಕ ಸರಿಯಾಗಿಯೇ ಹಾಕಿದ್ದರು.

ರೈಲ್ವೆ ಗೇಟಿನ ಬಳಿಯೂ ಇದನ್ನು ಕಾಣಬಹುದು. ಬಾಗಿಲು ಬೇಗ ತೆರೆಯುವುದೆಂದು ತಿಳಿದಲ್ಲಿ ಜನ ನಿಲ್ಲುತ್ತಾರೆ. ಯಾವಾಗ ತೆರೆದೀತೆಂದೇ ತಿಳಿಯದಲ್ಲಿ ಕಂಬಿಯ ಕೆಳಗೆ ನುಸುಳುತ್ತಾರೆ.

ಪೂಜೆಯ ದಿನ ಮನೆಯಲ್ಲಿ ಪಾಯಸದ ಪರಿಮಳ ಹಬ್ಬಿರುತ್ತದೆ. ನೈವೇದ್ಯವಾಗುವವರೆಗೆ ಐದು ವರ್ಷದ ಮಗುವೂ ಪಾತ್ರೆಗೆ ಕೈ ಹಾಕದೆ ದೇವರಮನೆಯ ಬಾಗಿಲಲ್ಲಿ ಕುಳಿತಿರುತ್ತದೆ. ಮಂಗಳಾರತಿಯ ಗಂಟೆ ನಿಂತ ಮೇಲೆ ತನ್ನ ಎಲೆಗೆ ಪಾಯಸ ಬೀಳದ ದಿನವನ್ನು ಅದು ಕಂಡಿಲ್ಲ. ಅದೇ ಮಗು, ಮುಂದಿನ ಭಾನುವಾರ ಸಮುದ್ರತೀರಕ್ಕೆ ಕರೆದೊಯ್ಯುವೆನೆಂದು ತಂದೆ ನಾಲ್ಕನೆಯ ಸಲ ಹೇಳಿದಾಗ ನೆಲಕ್ಕೆ ಬಿದ್ದು ಹಟ ಹಿಡಿಯುತ್ತದೆ: ಈಗಲೇ ಹೋಗಬೇಕು.