ನದಿಗೆ ಜಾಗ ಬಿಟ್ಟ ಕ್ರಿಕೆಟ್ ಮೈದಾನ: ಇಂಗ್ಲೆಂಡಿನ ಆಟರ್ ನದಿಯ ಕತೆ

ಈ ವಾರ ಒಂದು ಸಣ್ಣ ನದಿಯ ವಿಚಾರ ಹೇಳ್ತೀನಿ. ಸಣ್ಣದು ಅಂದರೆ ನಿಜಕ್ಕೂ ಸಣ್ಣದು, ಉದ್ದ ಸುಮಾರು 32 ಕಿಲೋಮೀಟರ್ ಅಷ್ಟೇ. ನಮ್ಮ ಕಡೆ ಇದ್ದಿದ್ದರೆ ಹಳ್ಳ ಅಂತ ಕರೆದು ಸುಮ್ಮನಾಗುತ್ತಿದ್ದೆವೇನೋ. ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಕೌಂಟಿಯಲ್ಲಿ ಹರಿಯುವ ಇದರ ಹೆಸರು ಆಟರ್. ಆಟರ್ ಅಂದರೆ ನೀರುನಾಯಿ. ನಮ್ಮ ತುಂಗಭದ್ರೆಯಲ್ಲಿ ಕಂಪ್ಲಿ ಕಡೆ ನೀರುನಾಯಿಗಳಿವೆಯಲ್ಲ, ಅದೇ ಬಳಗದ ಪ್ರಾಣಿ. ಆದರೆ ಈ ನದಿಗೆ ಹೆಸರು ತಂದದ್ದು ಬೇರೆಯೇ ಒಂದು ಪ್ರಾಣಿ. ಅದರ ಮಾತಿಗೆ ಆಮೇಲೆ ಬರೋಣ.

ಮೊದಲು ನದಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಸಾಮರ್ಸೆಟ್ ಗಡಿಯ ಬ್ಲ್ಯಾಕ್‌ಡೌನ್ ಬೆಟ್ಟಗಳಲ್ಲಿ ಹುಟ್ಟಿ ದಕ್ಷಿಣಕ್ಕೆ ಇಳಿಯುತ್ತದೆ. ಹಾನಿಟನ್ ದಾಟಿ ಆಟರಿ ಸೇಂಟ್ ಮೇರಿ ಎಂಬ ಪಟ್ಟಣಕ್ಕೆ ಬರುತ್ತದೆ. ಕವಿ ಕೋಲ್‌ರಿಜ್ 1772ರಲ್ಲಿ ಹುಟ್ಟಿದ ಊರು ಅದು. ಈ ನದಿಯ ಮೇಲೆ ಆತ ಒಂದು ಸಾನೆಟ್ಟನ್ನೂ ಬರೆದಿದ್ದಾನೆ. ಅಲ್ಲಿಂದ ಆಟರ್ಟನ್ ಹಳ್ಳಿ, ಕೊನೆಗೆ ಬಡ್ಲಿ ಸಾಲ್ಟರ್ಟನ್ ಬಳಿ ಸಮುದ್ರ. ದಾರಿಯುದ್ದಕ್ಕೂ ಕೆಂಪು ಮರಳುಗಲ್ಲು, ಕೆಂಪು ಮಣ್ಣು. ದಂಡೆಯಲ್ಲಿ ಬಿಲ ಕೊರೆದು ಗೂಡು ಮಾಡುವ ಕವಲುತೋಕೆ ಹಕ್ಕಿಗಳು, ಮಿಂಚುಳ್ಳಿಗಳು. ಸಮುದ್ರ ದಂಡೆಯಲ್ಲಿ ಮರಳಿನ ಬದಲು ಕೈಗೆ ನುಣ್ಣಗೆ ಹತ್ತುವ ಚಪ್ಪಟೆ ಕಲ್ಲುಗಳಿವೆ. ಸುಮಾರು 24 ಕೋಟಿ ವರ್ಷಗಳ ಹಿಂದೆ ಹರಿಯುತ್ತಿದ್ದ ಮತ್ತೊಂದು ದೊಡ್ಡ ನದಿ ಉರುಳಿಸಿ ತಂದ ಕಲ್ಲುಗಳು ಅವು. ಒಂದನ್ನು ಜೇಬಿಗೆ ಹಾಕಿಕೊಳ್ಳೋಣ ಅಂತ ಯಾರಿಗಾದರೂ ಅನ್ನಿಸುತ್ತೆ, ಆದರೆ ತೆಗೆದುಕೊಂಡು ಹೋಗುವ ಹಾಗಿಲ್ಲ.

ಈಗ ಆ ಪ್ರಾಣಿ. ಬೀವರ್. ಇಪ್ಪತ್ತು ಕಿಲೋ ದಾಟಿ ತೂಗುವ, ಚಪ್ಪಟೆ ಬಾಲದ, ಮರ ಕಡಿಯುವ ದಂಶಕ. ಅಪ್ಪಟ ಸಸ್ಯಾಹಾರಿ, ಮೀನು ಮುಟ್ಟುವುದಿಲ್ಲ. ತುಪ್ಪಳಕ್ಕೆ, ಮಾಂಸಕ್ಕೆ, ಬಾಲದ ಬುಡದ ಗ್ರಂಥಿಯಲ್ಲಿ ಸಿಗುವ ಸುವಾಸನೆಯ ದ್ರವ್ಯಕ್ಕೆ ಬೇಟೆಯಾಡಿ ಆಡಿ, ಸುಮಾರು 400 ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿ ಇದರ ಸಂತತಿಯನ್ನೇ ಮುಗಿಸಿಬಿಟ್ಟಿದ್ದರು. ಹೀಗಿರುವಾಗ 2014ರ ಹೊತ್ತಿಗೆ ಆಟರ್ ದಂಡೆಯಲ್ಲಿ ಇಟ್ಟ ಕ್ಯಾಮೆರಾದಲ್ಲಿ ಬೀವರ್‌ಗಳು ಕಾಣಿಸಿಕೊಂಡವು. ಮರಿಗಳೂ ಇದ್ದವು! ತಪ್ಪಿಸಿಕೊಂಡು ಬಂದವೋ, ಯಾರಾದರೂ ರಾತ್ರೋರಾತ್ರಿ ತಂದು ಬಿಟ್ಟರೋ, ಅಧಿಕೃತವಾಗಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಸರ್ಕಾರ ಇವನ್ನು ಹಿಡಿದು ಬೇರೆಡೆಗೆ ಸಾಗಿಸುತ್ತೇವೆ ಅಂತು. ಮನುಷ್ಯರಿಗೂ ಹರಡಬಲ್ಲ ಒಂದು ಲಾಡಿಹುಳು ಅವುಗಳಲ್ಲಿ ಇರಬಹುದು ಎಂಬ ಭಯ. ಊರಿನವರು ಒಪ್ಪಲಿಲ್ಲ. ಅರ್ಜಿ, ಸಭೆ, ಕೋರ್ಟಿಗೆ ಹೋಗುತ್ತೇವೆ ಎಂಬ ಎಚ್ಚರಿಕೆ ಎಲ್ಲವೂ ಆಯಿತು. ಕೊನೆಗೆ 2015ರಲ್ಲಿ ಡೆವನ್ ವೈಲ್ಡ್‌ಲೈಫ್ ಟ್ರಸ್ಟ್‌ಗೆ 5 ವರ್ಷದ ಪ್ರಯೋಗಕ್ಕೆ ಅನುಮತಿ ಸಿಕ್ಕಿತು. ಐದು ಬೀವರ್‌ಗಳನ್ನು ಹಿಡಿದು ಪರೀಕ್ಷಿಸಿದರು, ರೋಗವಿಲ್ಲ ಅಂತಾದ ಮೇಲೆ ಅದೇ ನದಿಗೆ ಬಿಟ್ಟರು. ಲೆಕ್ಕ ಇಡುವ ಕೆಲಸ ಎಕ್ಸೆಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳದ್ದು.

ಅವರು ಅಳೆದದ್ದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಬೀವರ್ ಎಲ್ಲೆಂದರಲ್ಲಿ ಅಣೆಕಟ್ಟು ಕಟ್ಟುವುದಿಲ್ಲ. ಅದಕ್ಕೆ ಬೇಕಿರುವುದು ತನ್ನ ಗೂಡಿನ ಬಾಗಿಲು ನೀರಿನೊಳಗೆ ಮುಳುಗಿರುವಷ್ಟು ಆಳ. ಮುಖ್ಯ ನದಿಯಲ್ಲಿ ಆ ಆಳ ಇದ್ದೇ ಇದೆ, ಕಟ್ಟುವ ಗೋಜಿಲ್ಲ. ಕಟ್ಟುವುದು ಸಣ್ಣ ತೊರೆಗಳಲ್ಲಿ. ಕೋಲು, ಕೆಸರು ಸೇರಿಸಿ ಕಟ್ಟಿದ ಒಡ್ಡು ನೀರನ್ನು ಪೂರ್ತಿ ತಡೆಯುವುದೂ ಇಲ್ಲ, ಸೋರುತ್ತಲೇ ಇರುತ್ತದೆ. ಜೋರು ಮಳೆ ಬಂದಾಗ ನೀರು ಒಂದೇ ಏಟಿಗೆ ನುಗ್ಗದೆ ಹರಡಿ, ನಿಂತು, ನಿಧಾನ ಇಳಿಯುತ್ತದೆ. ನೆರೆ ಬರುತ್ತಿದ್ದ ಈಸ್ಟ್ ಬಡ್ಲಿ ಎಂಬ ಹಳ್ಳಿಯ ಮೇಲ್ಗಡೆ ಇಂಥ ಒಡ್ಡುಗಳು ಎದ್ದ ಮೇಲೆ ಪ್ರವಾಹದ ಏರು ತಗ್ಗಿದ್ದು ಮಾಪಕಗಳಲ್ಲಿ ದಾಖಲಾಯಿತು. ಸರ್ಕಾರ 2020ರ ಆಗಸ್ಟ್‌ನಲ್ಲಿ ಬೀವರ್‌ಗಳು ಇಲ್ಲೇ ಇರಲಿ ಎಂದು ಒಪ್ಪಿತು. 2022ರ ಅಕ್ಟೋಬರ್‌ನಿಂದ ಇಡೀ ಇಂಗ್ಲೆಂಡಿನಲ್ಲಿ ಅವಕ್ಕೆ ಕಾನೂನಿನ ರಕ್ಷಣೆಯಿದೆ.

ಹಾಗಂತ ಎಲ್ಲರೂ ಖುಷಿಯಾಗಿದ್ದಾರೆ ಅಂದುಕೊಳ್ಳಬೇಡಿ. ಒಡ್ಡಿನ ನೀರು ನಿಲ್ಲುವುದು ಯಾರದೋ ಹೊಲದಲ್ಲಿ, ಪ್ರಯೋಜನ ಸಿಗುವುದು ಕೆಳಗಿನ ಊರಿಗೆ. ರೈತನ ಸಿಟ್ಟು ನನಗೆ ಅರ್ಥವಾಗುತ್ತದೆ. ಬೇಲಿ ದಾಟಿ ಬಂದ ಆನೆಯ ಬಗ್ಗೆ ಸಕಲೇಶಪುರದ ಬೆಳೆಗಾರರಿಗೆ ಪಟ್ಟಣದವರು ಪಾಠ ಹೇಳಿದರೆ ಹೇಗಿರುತ್ತೆ ಹೇಳಿ? ಆಟರ್ ಕಣಿವೆಯಲ್ಲಿ ಪಾಠದ ಜೊತೆಗೆ ಕೆಲಸವೂ ನಡೆಯಿತು. ಒಡ್ಡಿನೊಳಗೆ ಪೈಪು ತೂರಿಸಿ ನೀರಿನ ಮಟ್ಟ ಇಳಿಸಿದರು, ಬೆಲೆಬಾಳುವ ಮರಗಳಿಗೆ ತಂತಿಬಲೆ ಸುತ್ತಿದರು. ಫೋನ್ ಮಾಡಿದರೆ ಬಂದು ನೋಡುವ ಜನ ಇದ್ದರು. ಪ್ರಯೋಗ ಮುಗಿದ ಮೇಲೂ ಈ ಖರ್ಚು ಯಾರದು ಅನ್ನುವುದೇ ಅಲ್ಲಿನ ನಿಜವಾದ ಜಗಳ. ಹೊಲದ ಅಂಚನ್ನು ನದಿಗೆ ಬಿಟ್ಟವನಿಗೆ ವರ್ಷ ವರ್ಷ ದುಡ್ಡು ಬರಬೇಕು ಅಂತ ನನ್ನ ಅಭಿಪ್ರಾಯ. ಬರೀ ಅಭಿನಂದನಾ ಪತ್ರದಿಂದ ಹೊಲ ಒಣಗುವುದಿಲ್ಲ.

ಇನ್ನು ನದಿಯ ಬಾಯಿಯ ಕತೆ. ಇನ್ನೂರು ವರ್ಷಗಳ ಹಿಂದೆ ಅಲ್ಲಿ ಮಣ್ಣಿನ ಏರಿ ಹಾಕಿ, ಭರತದ ನೀರು ಬಾರದ ಹಾಗೆ ಮಾಡಿ, ಅಳಿವೆಯ ಕೆಸರುನೆಲವನ್ನು ಹುಲ್ಲುಗಾವಲು ಮಾಡಿಕೊಂಡಿದ್ದರು. ಕಾಲಾಂತರದಲ್ಲಿ ಆ ತಗ್ಗಿನಲ್ಲಿ ರಸ್ತೆ ಬಂತು, ಊರಿನ ಕಸದ ಗುಂಡಿ ಬಂತು, ಕ್ರಿಕೆಟ್ ಮೈದಾನವೂ ಬಂತು. ಏರಿ ಹಳತಾಯಿತು, ಸಮುದ್ರ ಮೇಲೇರತೊಡಗಿತು. ಒಳಗೆ ನುಗ್ಗಿದ ನೆರೆನೀರು ಬೇಗ ಹೊರಗೆ ಹೋಗುತ್ತಲೂ ಇರಲಿಲ್ಲ, ಏರಿಯೇ ಅಡ್ಡ! ಪಿಚ್ ಪದೇ ಪದೇ ಮುಳುಗುತ್ತಿತ್ತು. ಕೊನೆಗೆ ಪರಿಸರ ಇಲಾಖೆ ಮತ್ತು ಜಮೀನಿನ ಒಡೆತನದ ಎಸ್ಟೇಟ್ ಸೇರಿ, ಏರಿ ಎತ್ತರಿಸುವುದನ್ನು ಬಿಟ್ಟು, 2023ರಲ್ಲಿ ಅದನ್ನು ಬೇಕೆಂದೇ ಒಡೆದರು. ಕ್ರಿಕೆಟ್ ಕ್ಲಬ್ಬನ್ನು ಎತ್ತರದ ಜಾಗಕ್ಕೆ ಕಳಿಸಿದರು, ರಸ್ತೆ ಎತ್ತರಿಸಿದರು. ಸುಮಾರು 55 ಹೆಕ್ಟೇರ್ ಮತ್ತೆ ಉಬ್ಬರ ಇಳಿತದ ಪಾಲಾಯಿತು. ಈಗ ಅಲ್ಲಿ ಉದ್ದ ಕೊಕ್ಕಿನ ಹಕ್ಕಿಗಳು ಕೆಸರು ಕೆದಕುತ್ತಿರುತ್ತವೆ. ಕ್ರಿಕೆಟ್ ಹುಟ್ಟಿದ ದೇಶದಲ್ಲಿ ನದಿಗಾಗಿ ಪಿಚ್ ಜಾಗ ಬಿಟ್ಟಿತಲ್ಲ, ಅದನ್ನು ಓದಿದಾಗ ನಾನಂತೂ ಒಬ್ಬನೇ ಕೂತು ನಕ್ಕಿದ್ದೆ.

ಆ ಕಡೆ ಇರುವ ಕನ್ನಡಿಗರಿಗೆ, ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಎಕ್ಸೆಟರ್‌ನಿಂದ ಎಕ್ಸ್‌ಮತ್‌ಗೆ ರೈಲಿದೆ, ಅಲ್ಲಿಂದ ಬಡ್ಲಿಗೆ ಬಸ್ಸು. ನದಿಯ ಪಕ್ಕದಲ್ಲೇ ಆಟರ್ಟನ್‌ವರೆಗೆ ಕಾಲುದಾರಿ, ಹೆಚ್ಚೆಂದರೆ ನಾಲ್ಕು ಕಿಲೋಮೀಟರ್, ಏರು ಇಳಿವು ಇಲ್ಲ. ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ. ಆಟರ್ಟನ್‌ನಲ್ಲಿ ನೀರಿನ ಬಲದಿಂದ ಹಿಟ್ಟು ಬೀಸುವ ಹಳೆಯ ಗಿರಣಿ ಇದೆ, ಚಹಾ ಕುಡಿಯಬಹುದು. ಬೇಸಿಗೆಯಲ್ಲಿ ಅಲ್ಲಿ ಕತ್ತಲಾಗುವುದು ಒಂಬತ್ತರ ಮೇಲೆ. ಎಂಟು ಗಂಟೆಯ ಹೊತ್ತಿಗೆ ದಂಡೆಯ ಮೇಲೆ ಮಾತಾಡದೆ ನಿಂತುಕೊಳ್ಳಿ, ಎದುರು ದಡದ ವಿಲೋ ಮರಗಳ ಬುಡದ ಕಡೆ ಕಣ್ಣಿಡಿ. ನೀರಿನಲ್ಲಿ ಇಂಗ್ಲಿಷಿನ ವಿ ಅಕ್ಷರದ ಗೆರೆ ಎದ್ದರೆ ಅದರ ತುದಿಯಲ್ಲಿ ಕಂದು ಬಣ್ಣದ ತಲೆಯೊಂದು ಇರುತ್ತದೆ. ನಾಯಿ ಕರೆದೊಯ್ದರೆ ಹಗ್ಗ ಬಿಡಬೇಡಿ.